ಘಟ್ಟ ಮುಚ್ಚಿದರೆ ಎಲ್ಲಿ ತಂಗುವುದು?

ಓದುಗರ ಪ್ರಯಾಣದ ಪ್ರಶ್ನೆಗಳಿಗೆ, ಘಟ್ಟದ ದಾರಿಗಳಲ್ಲಿ ಬಸ್ ಓಡಿಸಿ ನಿವೃತ್ತರಾದ ಚಾಲಕರೊಬ್ಬರ ಉತ್ತರ

ಪ್ರಶ್ನೆ: ಅಣ್ಣಾ, ನಮಸ್ಕಾರ. ನಮ್ಮ ನಾದಿನಿಯ ಮಗುವಿಗೆ ಈ ಭಾನುವಾರ ಉಡುಪಿಯಲ್ಲಿ ನಾಮಕರಣ. ಇನ್ನೋವಾದಲ್ಲಿ ಏಳು ಜನ ಹೊರಟಿದ್ದೇವೆ. ಮಕ್ಕಳಿಬ್ಬರು, ಅತ್ತೆ ಮಾವ ಎಲ್ಲ ಸೇರಿ. ಅತ್ತೆಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. ಒಂದೇ ದಿನಕ್ಕೆ ಅವರಿಗೆ ಆಯಾಸ ಅಂತ ಶುಕ್ರವಾರ ಸಕಲೇಶಪುರದ ಹತ್ತಿರ ಒಂದು ಹೋಂಸ್ಟೇನಲ್ಲಿ ಉಳಿದು, ಶನಿವಾರ ಶಿರಾಡಿ ಇಳಿಯುವುದು ಅಂತಿತ್ತು. ಹೋಂಸ್ಟೇ ಹೆದ್ದಾರಿಯಿಂದ 12 ಕಿಲೋಮೀಟರ್ ಒಳಗೆ, ತೋಟದ ನಡುವೆ ಇದೆ. ಮುಂಗಡ ಕೊಟ್ಟಾಗಿದೆ. ಈಗ ನೋಡಿದರೆ ಶಿರಾಡಿಯಲ್ಲಿ ಮಣ್ಣು ಕುಸಿಯುತ್ತಿದೆ ಅಂತ ಟಿವಿಯಲ್ಲಿ ಬರುತ್ತಿದೆ. ಹೋಂಸ್ಟೇಯವರು ‘ಇಲ್ಲಿ ಅಂಥದ್ದೇನೂ ಮಳೆ ಇಲ್ಲ, ಬನ್ನಿ’ ಅನ್ನುತ್ತಾರೆ. ನಮ್ಮ ಯಜಮಾನರು ‘ಅಲ್ಲೇ ಉಳಿದು ಚಾರ್ಮಾಡಿಯಲ್ಲಿ ಇಳಿದರಾಯಿತು’ ಅನ್ನುತ್ತಾರೆ. ಏನು ಮಾಡೋಣ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ತಂಗಿ, ಶಿರಾಡಿಯೋ ಚಾರ್ಮಾಡಿಯೋ ಅನ್ನುವ ಮಾತನ್ನು ಸ್ವಲ್ಪ ಪಕ್ಕಕ್ಕಿಡಿ. ಶನಿವಾರ ಬೆಳಿಗ್ಗೆ ಯಾವ ಘಟ್ಟ ತೆರೆದಿರುತ್ತದೆ ಅಂತ ಶುಕ್ರವಾರ ಯಾರಿಗೂ ಹೇಳಲು ಆಗುವುದಿಲ್ಲ. ರಾತ್ರಿ ಸುರಿದ ಮಳೆಯ ಮೇಲೆ, ಎಲ್ಲಿ ಯಾವ ಮರ ಬಿತ್ತು ಅನ್ನುವುದರ ಮೇಲೆ ಅದು ತೀರ್ಮಾನ ಆಗುತ್ತದೆ. ನಿಮ್ಮ ಕೈಯಲ್ಲಿ ಈಗ ಇರುವುದು ಒಂದೇ, ಶುಕ್ರವಾರ ರಾತ್ರಿ ಯಾವ ಊರಲ್ಲಿ ಮಲಗುತ್ತೀರಿ ಅನ್ನುವುದು. ಆ ಊರಿನಿಂದ ಬೆಳಿಗ್ಗೆ ಒಂದಕ್ಕಿಂತ ಜಾಸ್ತಿ ಘಟ್ಟಕ್ಕೆ ದಾರಿ ಇರಬೇಕು. ಊರು ಘಟ್ಟದ ಮೇಲೆ, ಬಯಲಲ್ಲಿರಬೇಕು. ಅತ್ತೆಯವರಿದ್ದಾರೆ, ಹಾಗಾಗಿ ದೊಡ್ಡ ಆಸ್ಪತ್ರೆಯೂ ಇರಬೇಕು. ಇಷ್ಟಿದ್ದರೆ ಮಿಕ್ಕಿದ್ದನ್ನು ಬೆಳಿಗ್ಗೆ ನೋಡಿಕೊಳ್ಳಬಹುದು.

ಆ ಲೆಕ್ಕದಲ್ಲಿ ನಿಮ್ಮ ಹೋಂಸ್ಟೇ ಬೇಡ. ಸಕಲೇಶಪುರ ಪೇಟೆಯ ಬಗ್ಗೆ ನಾನು ಹೇಳುತ್ತಿಲ್ಲ, ಒಳಗಿನ ಆ 12 ಕಿಲೋಮೀಟರ್ ಬಗ್ಗೆ ಹೇಳುತ್ತಿದ್ದೇನೆ. ತೋಟದ ದಾರಿಗೆ ಅಡ್ಡ ಒಂದು ಸಿಲ್ವರ್ ಓಕ್ ಬಿದ್ದರೆ ಸಾಕು, ಕರೆಂಟ್ ಹೋಗುತ್ತದೆ, ಫೋನ್ ಸಿಗ್ನಲ್ ಹೋಗುತ್ತದೆ, ಹೆದ್ದಾರಿ ತೆರೆದಿದ್ದರೂ ನೀವು ಅಲ್ಲೇ ಬಾಕಿ. ಹೋಂಸ್ಟೇಯವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಅವರ ಅಂಗಳದಲ್ಲಿ ಮಳೆ ಇಲ್ಲದೇ ಇರಬಹುದು. ಆದರೆ ಶಿರಾಡಿ ದಾರಿಯ ದೋಣಿಗಾಲ್, ದೊಡ್ಡತಪ್ಪಲು, ಮಾರನಹಳ್ಳಿಯ ಕಡೆ ಬರೆ, ಅಂದರೆ ರಸ್ತೆ ಬದಿಯ ಕಡಿದಾದ ಗುಡ್ಡ, ಕುಸಿಯುವುದಕ್ಕೂ ಅವರ ಅಂಗಳಕ್ಕೂ ಸಂಬಂಧ ಇಲ್ಲ. ಮಣ್ಣು ನಾಲ್ಕಾರು ದಿನ ನೀರು ಕುಡಿದು ಭಾರ ಆಗಿರುತ್ತದೆ. ಮಳೆ ನಿಂತು ಬಿಸಿಲು ಬಿದ್ದ ಮೇಲೂ ಜಾರಿದ್ದನ್ನು ನಾನು ಕಂಡಿದ್ದೇನೆ. ಅದೂ ಅಲ್ಲದೆ ಅಲ್ಲಿ ರಸ್ತೆ ಅಗಲ ಮಾಡಲು ಗುಡ್ಡವನ್ನು ಗೋಡೆಯ ಥರ ನೇರಕ್ಕೆ ಕತ್ತರಿಸಿದ ಜಾಗಗಳಿವೆ. 2024ರ ಜುಲೈಯಲ್ಲಿ ದೊಡ್ಡತಪ್ಪಲಿನ ಹತ್ತಿರ ಮತ್ತೆ ಮತ್ತೆ ಮಣ್ಣು ಬಿದ್ದಾಗ ಒಮ್ಮೆ ತೆಗೆಯುವುದು, ಮತ್ತೆ ಬೀಳುವುದು ಅಂತಲೇ ಆಯಿತು. ಆ ತಿಂಗಳು ರೈಲೂ ನಿಂತಿತು. ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತ್ತು. ಬಸ್ ಇಲ್ಲದಿದ್ದರೆ ರೈಲು ಅಂತ ನೆಚ್ಚಿಕೊಂಡಿದ್ದವರಿಗೆ ಎರಡೂ ಇಲ್ಲವಾಯಿತು. ಒಂದೇ ಮಲೆ, ಒಂದೇ ಮಳೆ, ಅಲ್ವಾ?

ಈಗ ನಿಮ್ಮ ಯಜಮಾನರ ಚಾರ್ಮಾಡಿಗೆ ಬರುತ್ತೇನೆ. ದಾರಿ ಗೊತ್ತಿರುವವರಿಗೆ, ಹಗಲಲ್ಲಿ, ಮಳೆ ಹಿಡಿತದಲ್ಲಿದ್ದಾಗ ಅದು ಕಾರಿಗೆ ಒಳ್ಳೆಯ ದಾರಿಯೇ. 2019ರ ಆಗಸ್ಟ್‌ನಲ್ಲಿ ಅದು ಹತ್ತಾರು ಕಡೆ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು. ಆಮೇಲೆ ದುರಸ್ತಿ ಆಗಿದೆ. ಆದರೆ ಶಿರಾಡಿ ಮುಚ್ಚಿದ ದಿನ ಅಲ್ಲಿಯ ವಾಹನಗಳೆಲ್ಲ ಚಾರ್ಮಾಡಿಗೆ ತಿರುಗುತ್ತವೆ. ಹೇರ್‌ಪಿನ್ ತಿರುವಿನಲ್ಲಿ ಎದುರಿನಿಂದ ಒಂದು ಬಸ್ ಬಂದರೆ ಈ ಕಡೆಯ ಹತ್ತು ಕಾರು ಹಿಂದೆ ಸರಿಯಬೇಕು. ಮಂಜು ಬೇರೆ. ಸಕಲೇಶಪುರದ ತೋಟದಲ್ಲಿ ಮಲಗಿದರೆ ಬೆಳಿಗ್ಗೆ ಎದ್ದು ಮೂಡಿಗೆರೆ ಸೇರಿ, ಕೊಟ್ಟಿಗೆಹಾರಕ್ಕೆ ಬಂದು, ಅಲ್ಲಿ ‘ಘಟ್ಟ ಬಂದ್’ ಅಂದರೆ ಮತ್ತೆ ಅಷ್ಟೂ ದಾರಿ ವಾಪಸ್ ಬರಬೇಕು. ಅಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ. ಅತ್ತೆಯವರ ಊಟದ ಹೊತ್ತು, ಇಂಜೆಕ್ಷನ್ ಹೊತ್ತು ಎಲ್ಲ ಏರುಪೇರು.

ನೀವು ಹೋಗಬೇಕಾದ ಊರು ಉಡುಪಿ. ಧರ್ಮಸ್ಥಳವೋ ಸುಬ್ರಹ್ಮಣ್ಯವೋ ಆಗಿದ್ದರೆ ಹಾಸನದಲ್ಲಿ ಉಳಿಯಿರಿ ಅನ್ನುತ್ತಿದ್ದೆ. ಉಡುಪಿಗೆ ಮೇಲಿನ ದಾರಿ ಇದೆ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಭದ್ರಾವತಿ ಮೇಲೆ ಶಿವಮೊಗ್ಗಕ್ಕೆ ಬನ್ನಿ. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್, ಎಲ್ಲಾ ಬಯಲು ದಾರಿ. ಶುಕ್ರವಾರ ಬೆಳಿಗ್ಗೆ ತಿಂಡಿ ತಿಂದು ಹೊರಟರೆ, ನಡುವೆ ಊಟಕ್ಕೆ ನಿಲ್ಲಿಸಿದರೂ, ಕತ್ತಲಾಗುವ ಮೊದಲೇ ರೂಮಿನಲ್ಲಿರುತ್ತೀರಿ. ಅಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ, ರಾತ್ರಿಯಿಡೀ ತೆರೆದಿರುವ ಔಷಧಿ ಅಂಗಡಿ ಸಿಗುತ್ತದೆ, ಬಸ್ ನಿಲ್ದಾಣದ ಸುತ್ತಮುತ್ತ ಎಲ್ಲ ದರದ ಲಾಡ್ಜ್‌ಗಳಿವೆ. ಅತ್ತೆಯವರಿಗೆ ಮೆಟ್ಟಿಲು ಹತ್ತಿಸಬೇಡಿ, ಕೆಳಗಿನ ಮಹಡಿ ಅಥವಾ ಲಿಫ್ಟ್ ಇದೆಯಾ ಅಂತ ಫೋನಲ್ಲೇ ಕೇಳಿ.

ಶನಿವಾರ ಅಲ್ಲಿಂದ ತೀರ್ಥಹಳ್ಳಿಗೆ ಬನ್ನಿ, 60 ಕಿಲೋಮೀಟರ್. ಈ ತೀರ್ಥಹಳ್ಳಿಗಾಗಿಯೇ ನಾನು ನಿಮ್ಮನ್ನು ಇಷ್ಟು ಸುತ್ತಿಸುತ್ತಿರುವುದು. ಅಲ್ಲಿ ನಿಂತರೆ ಕೆಳಗಿಳಿಯಲು ಮೂರು ದಾರಿ. ಒಂದು ಆಗುಂಬೆ, ಅದರ 14 ತಿರುವು ಇಳಿದರೆ ಸೋಮೇಶ್ವರ, ಹೆಬ್ರಿ, ಆಮೇಲೆ ಉಡುಪಿ. ಇನ್ನೊಂದು ಯಡೂರು, ಮಾಸ್ತಿಕಟ್ಟೆ ಮೇಲೆ ಹುಲಿಕಲ್, ಅಂದರೆ ಬಾಳೆಬರೆ ಘಾಟಿ. ಅದು ಹೊಸಂಗಡಿ, ಸಿದ್ದಾಪುರದ ಮೇಲೆ ಕುಂದಾಪುರಕ್ಕೆ ಸೇರಿಸುತ್ತದೆ. ಮೂರನೆಯದು ಕೊಪ್ಪ, ಶೃಂಗೇರಿ, ಕೆರೆಕಟ್ಟೆ, ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ದಾಟಿ ಬಜಗೋಳಿ, ಕಾರ್ಕಳ. ಇದು ಕಾಡಿನ ದಾರಿ, ಹಗಲಲ್ಲಿ ಮಾತ್ರ ಇಟ್ಟುಕೊಳ್ಳಿ. ಆಗುಂಬೆಯಲ್ಲಿ ಮಳೆ ಕಡಿಮೆ ಅಂತ ಹೇಳಲು ನನಗೆ ಹುಚ್ಚಿಲ್ಲ, ನಾಡಿನಲ್ಲೇ ಜಾಸ್ತಿ ಮಳೆ ಬೀಳುವ ಜಾಗಗಳಲ್ಲಿ ಅದೂ ಒಂದು. 2022ರ ಜುಲೈಯಲ್ಲಿ ಅಲ್ಲೂ ಮಣ್ಣು ಕುಸಿದು ದಾರಿ ಬಂದ್ ಆಗಿತ್ತು. ಆದರೆ ಒಂದು ಮುಚ್ಚಿದರೆ ಇನ್ನೆರಡು ಇರುತ್ತವೆ, ಪ್ರತಿ ಸಲ ನೂರಾರು ಕಿಲೋಮೀಟರ್ ಹಿಂದೆ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ಆಗುಂಬೆಗೆ ಭಾರಿ ವಾಹನ ಬಿಡುವುದಿಲ್ಲ, ಹಾಗಾಗಿ ಶಿರಾಡಿಯ ಲಾರಿಗಳ ಸಾಲು ಇಲ್ಲಿಗೆ ಬಂದು ಸೇರುವುದಿಲ್ಲ.

ತೀರ್ಥಹಳ್ಳಿಯಲ್ಲೇ ಯಾಕೆ ಮಲಗಬಾರದು ಅಂತ ಕೇಳಬಹುದು. ಮಲಗಬಹುದು, ಊರು ಚೆನ್ನಾಗಿದೆ. ಆದರೆ ತುಂಗೆ ಏರಿದ ದಿನ ಹೊಳೆ ಬದಿಯ ಲಾಡ್ಜ್ ಬೇಡ, ಪೇಟೆಯ ಎತ್ತರದ ಕಡೆ ನೋಡಿ. ಅತ್ತೆಯವರ ಆರೋಗ್ಯದ ದೃಷ್ಟಿಯಿಂದ ನನ್ನ ಓಟು ಶಿವಮೊಗ್ಗಕ್ಕೇ.

ಬೆಳಿಗ್ಗೆ ಘಟ್ಟ ತೆರೆದಿದೆಯಾ ಅಂತ ತಿಳಿಯುವುದು ಹೇಗೆ? ಮೊಬೈಲ್‌ನ ನಕ್ಷೆಯನ್ನೊಂದೇ ನಂಬಬೇಡಿ. ರಸ್ತೆ ಮುಚ್ಚಿದ ಎಷ್ಟೋ ಹೊತ್ತಿನ ಮೇಲೂ ಅದು ‘ಹೋಗಿ’ ಅಂತಲೇ ತೋರಿಸುತ್ತಿರುತ್ತದೆ. ನಾವು ಚಾಲಕರು ಮಾಡುತ್ತಿದ್ದದ್ದು ಇಷ್ಟೇ. ತೀರ್ಥಹಳ್ಳಿ ಬಸ್ ನಿಲ್ದಾಣಕ್ಕೆ ಹೋಗಿ, ಕೆಳಗಿನಿಂದ ಬಂದ ಬಸ್ಸಿನ ಚಾಲಕನನ್ನೋ ಕಂಡಕ್ಟರನ್ನೋ ಹುಡುಕಿ, ‘ಉಡುಪಿ ಗಾಡಿ ಹತ್ತಿ ಬಂತಾ? ಎಷ್ಟು ಹೊತ್ತಿಗೆ?’ ಅಂತ ಕೇಳಿ. ಗಾಡಿ ಹತ್ತಿ ಬಂದು ಅರ್ಧ ಗಂಟೆ ಆಗಿದ್ದರೆ ಅದಕ್ಕಿಂತ ತಾಜಾ ಸುದ್ದಿ ಎಲ್ಲೂ ಸಿಗುವುದಿಲ್ಲ. ‘ಮಣ್ಣು ಎಲ್ಲಾದರೂ ಬಿದ್ದಿದೆಯಾ, ನೀರು ರಸ್ತೆ ಮೇಲೆ ಹರಿಯುತ್ತಿದೆಯಾ’ ಅಂತ ಎರಡನೇ ಪ್ರಶ್ನೆ ಕೇಳಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಜೊತೆಗೆ 1077ಕ್ಕೆ ಫೋನ್ ಮಾಡಿ, ಅದು ಜಿಲ್ಲೆಯ ವಿಪತ್ತು ಸಹಾಯವಾಣಿ. ಶಿವಮೊಗ್ಗ ಬೇರೆ ಜಿಲ್ಲೆ, ಉಡುಪಿ ಬೇರೆ ಜಿಲ್ಲೆ, ಘಟ್ಟದ ತಲೆ ಒಬ್ಬ ಜಿಲ್ಲಾಧಿಕಾರಿಯದು, ಬುಡ ಇನ್ನೊಬ್ಬರದು. ಹಾಗಾಗಿ ಉಡುಪಿಯ ನಾದಿನಿ ಮನೆಯವರಿಗೂ ಅಲ್ಲಿಂದಲೇ 1077ಕ್ಕೆ ಕೇಳಲು ಹೇಳಿ.

ಹವಾಮಾನ ಇಲಾಖೆಯ ಮಳೆ ಎಚ್ಚರಿಕೆಯ ಬಣ್ಣಗಳನ್ನು ಟಿವಿಯವರು ಕೂಗಿ ಕೂಗಿ ಹೇಳುತ್ತಾರೆ, ಅರ್ಥ ಮಾತ್ರ ಹೇಳುವುದಿಲ್ಲ. ಸಾಮಾನ್ಯವಾಗಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಹಳದಿ, 115.6 ದಾಟಿದರೆ ಕಿತ್ತಳೆ, 204.4ಕ್ಕಿಂತ ಜಾಸ್ತಿ ಅಂದರೆ ಕೆಂಪು. ಹಳದಿಗೆ ಹೊರಡಿ, ಹಗಲಲ್ಲಿ ಇಳಿಯಿರಿ. ಕಿತ್ತಳೆಗೆ ಶಿವಮೊಗ್ಗದವರೆಗೆ ಬನ್ನಿ, ಮುಂದಿನದನ್ನು ಬಸ್ ನಿಲ್ದಾಣದಲ್ಲಿ ಕೇಳಿ ತೀರ್ಮಾನಿಸಿ. ಕೆಂಪು ಇದ್ದರೆ ವಯಸ್ಸಾದವರನ್ನು, ಮಕ್ಕಳನ್ನು ಕೂರಿಸಿಕೊಂಡು ಯಾವ ಘಟ್ಟವನ್ನೂ ಇಳಿಯಬೇಡಿ. ನಾಮಕರಣ ತಪ್ಪುತ್ತದೆ ಅನ್ನುವ ಬೇಸರ ನನಗೆ ಅರ್ಥ ಆಗುತ್ತದೆ. ಮಗುವಿನ ಸೋದರತ್ತೆ, ಅಜ್ಜಿ, ತಾತ ಇಲ್ಲದ ನಾಮಕರಣ ಅಂದರೆ ಮನೆಯಲ್ಲಿ ಮಾತು ಬರುತ್ತದೆ. ನಾದಿನಿಗೆ ಈಗಲೇ ಫೋನ್ ಮಾಡಿ ‘ಹೀಗಿದೆ, ಆದರೆ ಬರುತ್ತೇವೆ, ಆಗದಿದ್ದರೆ ಮುಂದಿನ ವಾರ ಬಂದು ನಾಲ್ಕು ದಿನ ಇರುತ್ತೇವೆ’ ಅಂತ ಹೇಳಿಬಿಡಿ. ಕೊನೇ ಗಳಿಗೆಯಲ್ಲಿ ಹೇಳಿದರೆ ಅವರೇ ‘ಹೇಗಾದರೂ ಬನ್ನಿ’ ಅಂತ ಒತ್ತಾಯ ಮಾಡುತ್ತಾರೆ. ಆ ಒತ್ತಾಯಕ್ಕೆ ಕತ್ತಲಲ್ಲಿ ಘಟ್ಟ ಇಳಿದವರನ್ನು ನಾನು ಎಷ್ಟೋ ಸಲ ದಾರಿಯಲ್ಲಿ ನೋಡಿದ್ದೇನೆ.

ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಏನು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಮಳೆಗಾಲದಲ್ಲಿ ಮಂಗಳೂರು ಕಡೆಗೆ ಬಸ್ ಇಳಿಸುತ್ತಿದ್ದೆ. ಮಾರನಹಳ್ಳಿ ದಾಟಿ ಕೆಂಪುಹೊಳೆ ಹತ್ತಿರ ಮರವೂ ಮಣ್ಣೂ ಒಟ್ಟಿಗೆ ರಸ್ತೆಗೆ ಬಿದ್ದಿತ್ತು. ನನ್ನ ಮುಂದೆ ಮೂರೋ ನಾಲ್ಕೋ ಗಾಡಿ. ಎಂಜಿನ್ ನಿಲ್ಲಿಸಿ ಕಿಟಕಿ ಸರಿಸಿದೆ. ಎಡಗಡೆ ಬರೆ, ಅದರ ಬುಡದಲ್ಲಿ ಚರಂಡಿ. ಟಾರ್ಚ್ ಬಿಟ್ಟು ನೋಡಿದರೆ ಚರಂಡಿಯ ನೀರು ಹತ್ತು ನಿಮಿಷದ ಹಿಂದೆ ಇದ್ದ ಹಾಗಿರಲಿಲ್ಲ, ಕೆಂಪಗೆ, ಗಟ್ಟಿಯಾಗಿ ಬರುತ್ತಿತ್ತು. ಬರೆಯ ಮೇಲಿಂದ ಗೋಲಿ ಗಾತ್ರದ ಕಲ್ಲುಗಳು ಟಪ್ ಟಪ್ ಅಂತ ಬೀಳುತ್ತಿದ್ದವು. ಒಂದು ಹೆಡ್‌ಲೈಟ್ ಮೇಲೇ ಬಿತ್ತು. ಕಂಡಕ್ಟರ್ ಇಳಿದು ಹಿಂದಿನ ಎರಡು ಲಾರಿಯವರಿಗೆ ಹೇಳಿದರು, ಅವರು ಸರಿದರು, ನಾನು ಬಸ್ಸನ್ನು ನಿಧಾನಕ್ಕೆ ಹಿಂದಕ್ಕೆ ತಂದು ಬರೆ ಇಲ್ಲದ, ಮೇಲೆ ಆಕಾಶ ಕಾಣುವ ಜಾಗದಲ್ಲಿ ನಿಲ್ಲಿಸಿದೆ.

ಆಮೇಲೆ ಶುರುವಾಯಿತು ನಿಜವಾದ ತೊಂದರೆ. ಸಕಲೇಶಪುರದಿಂದ ಜೆಸಿಬಿ ಬಂತು, ಆದರೆ ನಮ್ಮ ಹತ್ತಿರ ಬರಲು ಅದಕ್ಕೆ ದಾರಿ ಇಲ್ಲ. ಹಿಂದಿನಿಂದ ಬಂದ ಕಾರುಗಳೆಲ್ಲ ‘ಮುಂದೆ ಹೋಗಿ ನೋಡೋಣ’ ಅಂತ ಬಲಗಡೆಯಲ್ಲಿ ನುಗ್ಗಿ ಎರಡನೇ ಸಾಲು ಮಾಡಿಬಿಟ್ಟಿದ್ದವು. ನಾನು, ಕಂಡಕ್ಟರ್, ಒಬ್ಬ ಲಾರಿ ಕ್ಲೀನರ್ ಹುಡುಗ, ಮೂವರೂ ಮಳೆಯಲ್ಲಿ ಟಾರ್ಚ್ ಹಿಡಿದು ಒಂದೊಂದೇ ಕಾರಿನ ಗಾಜು ತಟ್ಟಿ ಎಡಕ್ಕೆ ಹಾಕಿಸಿದೆವು. ಕೆಲವರು ಮಲಗಿಬಿಟ್ಟಿದ್ದರು. ಒಂದು ಕಾರಿನಲ್ಲಿ ಹಾಲು ಕಲಸಲು ಬಿಸಿನೀರಿಲ್ಲದೆ ಕೂಸು ಅಳುತ್ತಿತ್ತು, ನಮ್ಮ ಬಸ್ಸಿನ ಒಬ್ಬ ಅಜ್ಜಿಯ ಫ್ಲಾಸ್ಕ್‌ನಿಂದ ಕೊಟ್ಟೆವು. ಜೆಸಿಬಿ ಮುಂದಕ್ಕೆ ಬರುವ ಹೊತ್ತಿಗೆ ಎರಡು ಗಂಟೆ ಹಾಳಾಗಿತ್ತು. ಮಣ್ಣು ತೆಗೆಯಲು ಅದಕ್ಕೆ ಹಿಡಿದದ್ದು ಅದರ ಅರ್ಧವೂ ಅಲ್ಲ.

ಹಾಗಾಗಿ ತಂಗಿ, ಯಜಮಾನರಿಗೆ ಹೇಳಿ: ಸಾಲು ಕಂಡರೆ ಎಡಕ್ಕೇ ನಿಲ್ಲಿಸಬೇಕು, ಬಲಕ್ಕೆ ನುಗ್ಗಬಾರದು. ಬರೆ ಅಡಿಯಲ್ಲಿ, ಮೋರಿ ಮೇಲೆ, ಜಲಪಾತದ ಎದುರು ನಿಲ್ಲಿಸಬಾರದು. ಹಿಂದೆ ಗಾಡಿ ಸೇರುವ ಮೊದಲೇ ತಿರುಗಿಸಲು ಜಾಗ ಇದ್ದರೆ ತಿರುಗಿಸಿಬಿಡಿ, ‘ಇನ್ನೊಂದು ಅರ್ಧ ಗಂಟೆ ನೋಡೋಣ’ ಬೇಡ. ಇನ್ಸುಲಿನ್ ಎರಡು ದಿನಕ್ಕೆ ಜಾಸ್ತಿಯೇ ಇರಲಿ, ತಣ್ಣಗಿರುವ ಪೌಚಿನಲ್ಲಿ, ಡಿಕ್ಕಿಯಲ್ಲಲ್ಲ, ಅತ್ತೆಯವರ ಕೈಗೆ ಸಿಗುವ ಹಾಗೆ. ಸಕ್ಕರೆ ಇಳಿದರೆ ತಕ್ಷಣ ಬಾಯಿಗೆ ಹಾಕಲು ಗ್ಲೂಕೋಸ್ ಪುಡಿ, ಬಿಸ್ಕತ್ತು, ಒಂದು ಫ್ಲಾಸ್ಕ್ ಬಿಸಿನೀರು ಇರಲಿ.

ಮುಂಗಡದ ಮಾತು. ವಾಪಸ್ ಕೊಡಿ ಅಂತ ಜಗಳ ಮಾಡುವುದಕ್ಕಿಂತ ‘ದಿನಾಂಕ ಬದಲಿಸಿ, ಡಿಸೆಂಬರ್‌ನಲ್ಲಿ ಬರುತ್ತೇವೆ’ ಅಂತ ಕೇಳಿ. ಬಹಳ ಜನ ಒಪ್ಪುತ್ತಾರೆ. ಫೋನಲ್ಲಿ ಮಾತಾಡಿದ್ದನ್ನೇ ವಾಟ್ಸಾಪ್‌ನಲ್ಲೂ ಬರೆದು ಕಳಿಸಿ, ಜಿಲ್ಲಾಧಿಕಾರಿ ಆದೇಶ ಬಂದಿದ್ದರೆ ಅದರ ಫೋಟೋ ಜೊತೆಗೆ ಹಾಕಿ. ಒಪ್ಪದಿದ್ದರೆ ಹೋಗಲಿ ಬಿಡಿ. ಕೊಟ್ಟ ದುಡ್ಡಿಗೆ ಕಟ್ಟುಬಿದ್ದು ಆ ಕಡೆ ಹೋಗಬೇಡಿ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಎರಡು ಬೈಕಲ್ಲಿ ಹುಬ್ಬಳ್ಳಿಯಿಂದ ಗೋಕರ್ಣಕ್ಕೆ ಹೊರಟಿದ್ದೇವೆ. ಅಂಕೋಲಾ ದಾಟಿದ ಮೇಲೆ ಹೆದ್ದಾರಿ ಬದಿಯ ಡಾಬಾದಲ್ಲೋ ಟೀ ಅಂಗಡಿಯಲ್ಲೋ ರಾತ್ರಿ ಕಳೆಯುವ ಯೋಚನೆ ಇತ್ತು. ಶಿರೂರಿನ ಘಟನೆ ಆದ ಮೇಲೆ ಮನೆಯಲ್ಲಿ ಬೇಡ ಅನ್ನುತ್ತಾರೆ. ಬೇರೆ ಎಲ್ಲಿ ನಿಲ್ಲಬಹುದು?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ತಮ್ಮಾ, ಮನೆಯವರು ಹೇಳುತ್ತಿರುವುದು ಸರಿ ಇದೆ. 2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಅಲ್ಲೊಂದು ಟೀ ಅಂಗಡಿ ಇತ್ತು. ದೂರದಿಂದ ಬಂದ ಚಾಲಕರು ಗಾಡಿ ನಿಲ್ಲಿಸಿ ಚಹಾ ಕುಡಿಯುವ, ತಿಂಡಿ ತಿನ್ನುವ ಜಾಗ. ಒಂದು ಕಡೆ ಕತ್ತರಿಸಿದ ಗುಡ್ಡ, ಇನ್ನೊಂದು ಕಡೆ ಗಂಗಾವಳಿ. ಅಂಗಡಿ ನಡೆಸುತ್ತಿದ್ದ ಕುಟುಂಬ, ನಿಂತಿದ್ದ ಗಾಡಿಗಳು, ಎಲ್ಲ ಮಣ್ಣಿನ ಜೊತೆ ಹೊಳೆಗೆ ಹೋಯಿತು. ಆಚೆ ದಂಡೆಯ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ಕೇರಳದ ಒಬ್ಬ ಚಾಲಕನ ಲಾರಿಯನ್ನು ಹೊಳೆಯಿಂದ ಎತ್ತಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅವರು ಯಾರೂ ಅಡ್ಡಾದಿಡ್ಡಿ ಓಡಿಸಿದವರಲ್ಲ. ದಣಿವಾಗಿ ನಿಂತವರು. ನಮ್ಮ ಕಸುಬಿನವರು ದಿನಾ ನಿಲ್ಲುವ ಹಾಗೆ ನಿಂತವರು. ಇದನ್ನು ಬರೆಯುವಾಗಲೂ ನನಗೆ ಸಂಕಟ ಆಗುತ್ತದೆ.

ಅದಕ್ಕೇ ನಾನು ಹೇಳುವುದು, ರಾತ್ರಿ ಯಲ್ಲಾಪುರದಲ್ಲಿ ಉಳಿಯಿರಿ. ಅದು ಅರಬೈಲ್ ಘಟ್ಟದ ಮೇಲಿನ ಊರು, ಲಾಡ್ಜ್ ಇದೆ, ಊಟ ಸಿಗುತ್ತದೆ. ಟೀ ಅಲ್ಲೇ ಕುಡಿಯಿರಿ. ಬೆಳಿಗ್ಗೆ ವಿಚಾರಿಸಿಕೊಂಡು ಇಳಿಯಿರಿ, ಮುಂದಿನ ಟೀ ಅಂಕೋಲಾ ಪೇಟೆಯ ಒಳಗೆ. ನಡುವೆ ರೇನ್‌ಕೋಟ್ ಹಾಕಿಕೊಳ್ಳಲು ನಿಲ್ಲುವುದಿದ್ದರೂ ಬರೆ ಇಲ್ಲದ ಜಾಗ ನೋಡಿ ನಿಲ್ಲಿ. 2021ರ ಜುಲೈಯಲ್ಲಿ ಅರಬೈಲ್‌ನಲ್ಲೂ ರಸ್ತೆ ಕುಸಿದು ಸಂಚಾರ ನಿಂತಿತ್ತು. ಅದೇ ಮಳೆಗೆ ಹತ್ತಿರದ ಕಳಚೆಯಲ್ಲಿ ತೋಟ ಮನೆಗಳೇ ಜಾರಿಹೋದವು. ಯಲ್ಲಾಪುರದಲ್ಲಿ ‘ಇಳಿಯಬೇಡಿ’ ಅಂದರೆ ಶಿರಸಿ, ದೇವಿಮನೆ ಘಟ್ಟ, ಕುಮಟಾ ಅಂತ ಸುತ್ತು ಹಾಕಲು ಹೋಗಬೇಡಿ, ಅದೂ ಮಳೆಗೆ ಜಾರುವ ಘಟ್ಟವೇ. ಶಿರಸಿಗೆ ಹೋಗಿ ಮಾರಿಕಾಂಬೆ ಗುಡಿ ನೋಡಿ, ಅಲ್ಲಿಂದ ಬನವಾಸಿಗೆ ಹೋಗಿ. ಘಟ್ಟ ಇಳಿಯುವುದೇ ಇಲ್ಲ, ಕದಂಬರ ಊರು, ಮಧುಕೇಶ್ವರ ದೇವಸ್ಥಾನ, ಮಳೆಯಲ್ಲಿ ಸುತ್ತ ಹಸಿರು ಗದ್ದೆ. ಗೋಕರ್ಣದ ಸಮುದ್ರಕ್ಕೆ ಮಳೆಗಾಲದಲ್ಲಿ ಹೇಗೂ ಇಳಿಯಬಾರದು. ನವೆಂಬರ್‌ನಲ್ಲಿ ಹೋಗಿ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವುದು. ರಜೆಗೆ ಬಂದವಳು ರಾತ್ರಿ ರೈಲಿನಲ್ಲಿ ಹೋಗುವುದಿತ್ತು. ಘಾಟಿಯಲ್ಲಿ ಹಳಿಗೆ ಮಣ್ಣು ಬಿದ್ದು ರೈಲು ರದ್ದಾಗಿದೆ. ರಾತ್ರಿ ಬಸ್ಸಿಗೆ ಒಬ್ಬಳನ್ನೇ ಹತ್ತಿಸಲು ಧೈರ್ಯ ಇಲ್ಲ. ಮೈಸೂರಿನಲ್ಲಿ ನನ್ನ ಅಕ್ಕನ ಮನೆ ಇದೆ. ಹೇಗೆ ಕಳಿಸುವುದು?
– ತಾಯಿಯೊಬ್ಬರು, ಪುತ್ತೂರು

ಉತ್ತರ: ಉತ್ತರ ನಿಮ್ಮ ಪತ್ರದಲ್ಲೇ ಇದೆ ಅಕ್ಕಾ. ದೊಡ್ಡಮ್ಮನ ಮನೆಗೆ ಕಳಿಸಿ. ಬೆಳಿಗ್ಗೆ ಪುತ್ತೂರಿನಿಂದ ಸುಳ್ಯ, ಸಂಪಾಜೆ, ಮಡಿಕೇರಿ ಮೇಲೆ ಹೋಗುವ ಮೈಸೂರು ಬಸ್ಸಿಗೆ ಹತ್ತಿಸಿದರೆ ಸಂಜೆಯೊಳಗೆ ಮುಟ್ಟುತ್ತಾಳೆ. ರಾತ್ರಿ ಅಲ್ಲಿ ಉಂಡು ಮಲಗಲಿ. ಮೈಸೂರಿನಿಂದ ಬೆಂಗಳೂರಿಗೆ ಬೆಳಿಗ್ಗೆ ಬೇಕಾದಷ್ಟು ರೈಲಿದೆ.

ಸಂಪಾಜೆ ದಾರಿಗೂ ಮಳೆ ಕಾಟ ಇದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಆದದ್ದನ್ನು ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. 2024ರ ಜುಲೈಯಲ್ಲಿ ಮದೆನಾಡಿನ ಕರ್ತೋಜಿಯಲ್ಲಿ ಕುಸಿಯುವ ಭಯ ಇದೆ ಅಂತ ಕೆಲವು ದಿನ ರಾತ್ರಿ ಸಂಚಾರ ನಿಲ್ಲಿಸಿದ್ದರು. ಅದಕ್ಕೇ ಬೆಳಿಗ್ಗೆಯ ಬಸ್. ಹೊರಡುವ ಮೊದಲು ಸುಳ್ಯದಲ್ಲಿ ಯಾರಾದರೂ ಪರಿಚಯದವರಿಗೆ ಫೋನ್ ಮಾಡಿ, ಮಡಿಕೇರಿಯಿಂದ ಬಸ್ ಇಳಿದು ಬಂದಿದೆಯಾ ಕೇಳಿ. ಬಸ್ ನಂಬರು, ಟಿಕೆಟ್ ಫೋಟೋ ಅವಳು ನಿಮಗೂ ದೊಡ್ಡಮ್ಮನಿಗೂ ಕಳಿಸಲಿ. ಮಡಿಕೇರಿಯಲ್ಲಿ ಬಸ್ ನಿಂತು ಮುಂದೆ ಹೋಗಲ್ಲ ಅಂದರೆ ಹೆದರಿ ಸಿಕ್ಕಿದ ಜೀಪು, ಕಾರು ಹತ್ತಬಾರದು. ಬಸ್ ನಿಲ್ದಾಣದ ಒಳಗೇ, ಬೆಳಕಿರುವ ಕಡೆ ಕೂತು, ಸಂಚಾರ ನಿಯಂತ್ರಕರಿಗೆ ‘ನಾನು ಒಬ್ಬಳೇ ಇದ್ದೇನೆ’ ಅಂತ ಹೇಳಲಿ. ಅವರು ಮುಂದಿನ ಬಸ್ಸಿಗೆ ಹತ್ತಿಸಿಕೊಡುತ್ತಾರೆ. ಯಾರಾದರೂ ಕಿರಿಕಿರಿ ಮಾಡಿದರೆ 112.

ಸಂಪಾಜೆಯೂ ಮುಚ್ಚಿದ್ದರೆ ಕಳಿಸಬೇಡಿ. ಕಾಲೇಜಿಗೆ ಒಂದು ಇಮೇಲ್ ಬರೆಯಲಿ, ರೈಲು ರದ್ದಾದ ಸಂದೇಶವನ್ನೂ ಜೊತೆಗೆ ಹಾಕಲಿ. ಪರೀಕ್ಷೆ ಇದ್ದರೆ ಮಾತ್ರ ಬೇರೆ ಯೋಚನೆ. ಮಂಗಳೂರಿನಿಂದ ಕೇರಳದ ಶೊರನೂರು, ಪಾಲಕ್ಕಾಡ್, ಸೇಲಂ ಮೇಲೆ ಬೆಂಗಳೂರಿಗೆ ಹಳಿ ಇದೆ. ಬಹಳ ಸುತ್ತು, ಆದರೆ ನಮ್ಮ ಘಟ್ಟದ ಹಂಗಿಲ್ಲ. ಆ ದಾರಿಗಾದರೆ ನೀವೂ ಜೊತೆಗೆ ಹೋಗಿ ಬನ್ನಿ.

ಪ್ರಶ್ನೆ: ಮೈಸೂರಿನಿಂದ ಸಂಜೆ ಆಫೀಸು ಮುಗಿಸಿ ಸುಲ್ತಾನ್ ಬತ್ತೇರಿಗೆ ಹೊರಡುತ್ತೇವೆ. ಬಂಡೀಪುರದ ಗೇಟು ಮುಚ್ಚುವುದರೊಳಗೆ ದಾಟಲು ಆಗುತ್ತದಾ? ಆಗದಿದ್ದರೆ ಎಲ್ಲಿ ಉಳಿಯುವುದು?
– ದಂಪತಿ, ಮೈಸೂರು

ಉತ್ತರ: ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದೊಳಗೆ ಸಂಚಾರ ಇಲ್ಲ, 2009ರಿಂದ ಇರುವ ನಿಯಮ, ಪ್ರಾಣಿಗಳ ಒಳ್ಳೆಯದಕ್ಕೆ ಮಾಡಿದ್ದು. ಗೇಟಿಗೆ 9ರೊಳಗೆ ಮುಟ್ಟಬೇಕು ಅಂತ ಕಾಡಂಚಿನ ರಸ್ತೆಯಲ್ಲಿ ಗಾಡಿ ಓಡಿಸಿಕೊಂಡು ಹೋಗುವವರಿಂದಲೇ ಜಿಂಕೆಗೂ ಜನಕ್ಕೂ ಅಪಾಯ. ಗುಂಡ್ಲುಪೇಟೆಯಲ್ಲಿ ರೂಮ್ ಮಾಡಿ, ಬೇಗ ಊಟ ಮಾಡಿ ಮಲಗಿ. ಗೋಣಿಕೊಪ್ಪ, ಕುಟ್ಟ ಮೇಲೆ ಮಾನಂದವಾಡಿಗೆ ರಾತ್ರಿ ದಾರಿ ಇದೆ, ಆದರೆ ಮಳೆಗಾಲದ ರಾತ್ರಿಯಲ್ಲಿ ಅದನ್ನು ನಾನು ಹೇಳಿಕೊಡುವುದಿಲ್ಲ. ಬೆಳಿಗ್ಗೆ 6ಕ್ಕೆ ಗೇಟು ತೆಗೆಯುವ ಹೊತ್ತಿಗೆ ತರಕಾರಿ ಲಾರಿಗಳ ಸಾಲು ಉದ್ದ ಇರುತ್ತದೆ. ಅರ್ಧ ಗಂಟೆ ತಡವಾಗಿ ಹೊರಟರೆ ಆ ಸಾಲೂ ಕರಗಿರುತ್ತದೆ, ಗುಂಡ್ಲುಪೇಟೆಯಲ್ಲಿ ಬಿಸಿ ಇಡ್ಲಿಯೂ ಸಿಗುತ್ತದೆ.